ಗೋಡೆ ಪಕ್ಕದ ಸಾಲು

ಬೆಳಕು ಸರಿಯಾಗಿ ಮೂಡುವ ಮೊದಲೇ ಅವಳು ಸೀಬೆ ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಉಂಗುರ, ಗಡಿಯಾರ ಬಿಚ್ಚಿ ಚೀಲಕ್ಕೆ ಹಾಕಿಯಾಗಿದೆ. ಕೈಯಲ್ಲಿರುವುದು ಪ್ಲಾಸ್ಟಿಕ್ ಕರಣೆ. ಮಣ್ಣಿನಲ್ಲಿ ಲೋಹ ಹುಡುಕುವವರು ಮಣ್ಣಿಗೆ ಲೋಹ ತಾಗಿಸುವಂತಿಲ್ಲ.

"ಉಂಗುರ ಬಿಚ್ಚಿಟ್ಟು ಕೂತಿದ್ದೀಯ, ಜಗಳಕ್ಕೇ ಬಂದ ಹಾಗಿದೆ" ಎನ್ನುತ್ತಾಳೆ ಟೀ ತಂದ ಅತ್ತಿಗೆ.

"ಜಗಳ ಆಗಿದ್ರೆ ನಾಲ್ಕು ಮಾತು ಬೈದು ಹೋಗ್ತಿದ್ದೆ ಅತ್ತಿಗೆ. ಇಲ್ಲಿ ಬಾಯಿ ಮುಚ್ಕೊಂಡು ಅಗೀಬೇಕು."

ತೋಟ ಅವಳ ಅಣ್ಣನದು. ತೋಟಗಳಿಂದ ಮಣ್ಣು, ಹಣ್ಣಿನ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಒಯ್ಯುವುದು ಅವಳ ಕೆಲಸ. ದಿನಕ್ಕೆ ಎರಡೋ ಮೂರೋ ತೋಟ. ವರದಿಗೆ ಸಹಿ ಬೇರೆಯವರದು, ಬೈಗುಳ ಮಾತ್ರ ಇವಳ ಪಾಲಿಗೆ. ನಾಯಿ ಛೂಬಿಟ್ಟವರೂ ಇದ್ದಾರೆ. ಕೂತು ಎದ್ದು ಮಂಡಿ ಸವೆದಿದೆ. ಪ್ರತಿ ಮರದ ಸುತ್ತ ಐದಾರು ಕಡೆ ಅಗೆದು, ಬೆರೆಸಿ, ಒಂದು ಹಿಡಿ ತೆಗೆಯಬೇಕು. ಹಣ್ಣು ಎರಡು ಚೀಲಕ್ಕೆ. ಒಂದನ್ನು ತೊಳೆದು ಪರೀಕ್ಷಿಸುತ್ತಾರೆ, ಇನ್ನೊಂದನ್ನು ಹಾಗೆಯೇ. ತೊಳೆದರೆ ಹೋಗುವುದು ಮೇಲಿನ ಧೂಳು. ಹೋಗದೆ ಉಳಿದದ್ದು ಬೇರಿನಿಂದ ಏರಿ ಬಂದದ್ದು.

ಗೋಡೆಯಾಚೆ, ಹಳೆ ಬ್ಯಾಟರಿ ಒಡೆದು ಕರಗಿಸುತ್ತಿದ್ದ ಶೆಡ್ಡು. ಮುಚ್ಚಿ ಎಷ್ಟೋ ವರ್ಷವಾಯಿತು. ಹೋದ ತಿಂಗಳು ಗೋಡೆ ಪಕ್ಕದ ಸಾಲಿನ ಮಣ್ಣಿನಲ್ಲಿ ಸೀಸ, ಕ್ಯಾಡ್ಮಿಯಂ ಮಿತಿ ಮೀರಿ ಸಿಕ್ಕಿದವು. ಆ ಮಾದರಿ ತೆಗೆದ ದಿನ ಅವಳ ಕರಣೆ ಮುರಿದು, ಅಣ್ಣನ ಬಣ್ಣ ಬಳಿದ ಸಲಿಕೆಯಲ್ಲೇ ಅಗೆದಿದ್ದಳು. ಸಲಿಕೆಯ ಬಣ್ಣದಲ್ಲೂ ಸೀಸ ಇರಬಹುದು; ಮಾಡಬಾರದ ತಪ್ಪು. ಅವಳೇ ಬಾಯಿಬಿಟ್ಟು ಹೇಳಿದಳು. ಅಂದಿನಿಂದ ಮನೆಮಂದಿಯೆಲ್ಲ ಆ ಸಲಿಕೆಗೇ ಜೋತುಬಿದ್ದಿದ್ದಾರೆ.

ಅಣ್ಣ ಬಂದು ಪಕ್ಕದಲ್ಲಿ ನಿಲ್ಲುತ್ತಾನೆ. "ಆ ತುದಿ ಸಾಲಿಗೆ ಬಾರೇ. ಅಲ್ಲಿ ಮಣ್ಣು ಚೆನ್ನಾಗಿದೆ."

"ಅದನ್ನೂ ತಗೋತೀನಿ. ಮೊದಲು ಇಲ್ಲಿದು."

"ಸಲಿಕೆಯದೇ ತಪ್ಪು ತಾನೆ? ನೀನೇ ಹೇಳಿದ್ದಲ್ವಾ?"

ಅವಳ ಕರಣೆ ನಿಲ್ಲುತ್ತದೆ. "ಸಲಿಕೆ ಮಣ್ಣಿಗೆ ತಾಗಿತ್ತು ಅಣ್ಣ. ಹಣ್ಣಿಗೆ ತಾಗಿರ್ಲಿಲ್ಲ. ಈ ಸಾಲಿನ ತೊಳೆದ ಹಣ್ಣಲ್ಲೂ ಸೀಸ ಇದೆಯಂತೆ. ನಿನ್ನೆ ಗೊತ್ತಾಯ್ತು."

ಅತ್ತಿಗೆ ಲೋಟವನ್ನು ಮೆಲ್ಲಗೆ ಕೆಳಗಿಡುತ್ತಾಳೆ. ಅಣ್ಣ ಗೋಡೆಯನ್ನೇ ನೋಡುತ್ತಾನೆ.

"ಮತ್ತೆ ಯಾಕೆ ಅಗೀತಿದ್ದೀಯ?"

"ಎಲ್ಲೀವರೆಗೆ ಹರಡಿದೆ ಅಂತ ಗೊತ್ತಾಗ್ಬೇಕಲ್ಲ. ಈ ಸಾಲು ಹೋದ್ರೂ ಉಳಿದದ್ದು ನಿನಗೆ ಉಳೀಬೇಕು. ಆ ತುದಿ ಮರದಿಂದ ಒಂದು ಹಣ್ಣು ಕಿತ್ತು, ಏನೂ ಯೋಚಿಸದೆ ಕಚ್ಚಬೇಕು ಅಂತ ಆಸೆ. ಅಷ್ಟೇ."

ಅಣ್ಣ ಬೆರಳಿನ ಉಂಗುರ ತಿರುಗಿಸಿ ತಿರುಗಿಸಿ ಬಿಚ್ಚಿ ಹೆಂಡತಿಯ ಕೈಗೆ ಕೊಡುತ್ತಾನೆ. ಗೋಡೆ ಪಕ್ಕದ ಮುಂದಿನ ಮರದ ಬುಡದಲ್ಲಿ ಕೂತು, ಬರಿಗೈಯಲ್ಲಿ ಒಣಗಿದೆಲೆ ಸರಿಸತೊಡಗುತ್ತಾನೆ.

"ಎಲೆ ಸರಿಸು ಸಾಕು," ಎನ್ನುತ್ತಾಳೆ ತಂಗಿ, ಕರಣೆ ಒರೆಸಿಕೊಳ್ಳುತ್ತ. "ಅಗೆಯೋದು ನಾನೇ. ಈ ಸಲ ತಪ್ಪಾಗಲ್ಲ."