ಬ್ರೈಲ್ ಮೇಷ್ಟ್ರ ಪ್ರಿಂಟರ್

ಮೊನ್ನೆ ಪುಟ್ಟೇನಹಳ್ಳಿ ಕೆರೆ ಹತ್ತಿರ ಕಡಲೆಕಾಯಿ ತಗೊಂಡೆ. ಪೊಟ್ಟಣದ ಕಾಗದ ಯಾಕೋ ದಪ್ಪ ಅನಿಸಿತು. ಹೆಬ್ಬೆರಳಿಗೆ ಸಣ್ಣ ಸಣ್ಣ ಉಬ್ಬು ತಾಗಿದವು... ಬ್ರೈಲ್ ಹಾಳೆ. ಸಹಕಾರನಗರದ ಮೇಷ್ಟ್ರು ನೆನಪಾದರು.

ಎರಡು ಸಾವಿರದ ಹನ್ನೊಂದೋ ಹನ್ನೆರಡೋ ಇರಬೇಕು. ನಾನಾಗ ಕೊಡಿಗೇಹಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದೆ. ಮೇಷ್ಟ್ರಿಗೆ ಹುಟ್ಟಿನಿಂದಲೇ ಕಣ್ಣು ಕಾಣದು; ಅವರ ಹೆಂಡತಿಗೂ ಅಷ್ಟೇ. ಅಂಧ ಮಕ್ಕಳ ಶಾಲೆಯಿಂದ ನಿವೃತ್ತರಾದ ಮೇಲೆ ಮೇಷ್ಟ್ರು ಮನೆಯ ಮುಂದಿನ ಕೋಣೆಯಲ್ಲೇ ಬ್ರೈಲ್ ಪ್ರಿಂಟರ್ ಇಟ್ಟುಕೊಂಡು, ಹತ್ತನೇ ಕ್ಲಾಸಿನ ಮಕ್ಕಳಿಗೆ ಪಾಠಗಳನ್ನು ಅಚ್ಚು ಹಾಕಿ ಕೊಡುತ್ತಿದ್ದರು. ಒಂದೊಂದು ಹಾಳೆಯನ್ನೂ ತಾವೇ ಬೆರಳಾಡಿಸಿ ಓದದೆ ಹೊರಗೆ ಬಿಡುತ್ತಿರಲಿಲ್ಲ.

ಅವರ ಹಳೇ ಕಂಪ್ಯೂಟರ್ ಕೆಟ್ಟು ನಿಂತಾಗ ಯಾರೋ ಹೊಸದು ಕೊಡಿಸಿದರು. ತಾಪತ್ರಯ ಶುರುವಾದದ್ದೇ ಆಗ. ಕನ್ನಡವನ್ನು ಬ್ರೈಲಿಗೆ ತಿರುಗಿಸುವ ಅವರ ಸಾಫ್ಟ್‌ವೇರ್ ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದ್ದು. ಪ್ರಿಂಟರ್ ವೈರು ಸಿಕ್ಕಿಸುವ ಹಳೇ ಪ್ಯಾರಲಲ್ ಪೋರ್ಟ್ ಬಿಟ್ಟರೆ ಅದಕ್ಕೆ ಪ್ರಿಂಟ್ ಕಳಿಸುವ ಬೇರೆ ದಾರಿ ಗೊತ್ತಿರಲಿಲ್ಲ. ಹೊಸ ಕಂಪ್ಯೂಟರಿನಲ್ಲಿ ಆ ಪೋರ್ಟೇ ಇರಲಿಲ್ಲ. ಮೇಷ್ಟ್ರು ನನ್ನನ್ನು ಕರೆಸಿದರು. ಯುಎಸ್‌ಬಿಗೆ ಸೇರಿಸುವ ಕೇಬಲ್ ತಂದೆ. ವಿಂಡೋಸ್ ಒಳಗೇ ಡಾಸ್ ಓಡಿಸುವ ಪ್ರೋಗ್ರಾಂ ಹಾಕಿದೆ. ಮೊದಲು ಖಾಲಿ ಹಾಳೆ ಬಂತು, ಆಮೇಲೆ ಚೆಲ್ಲಾಪಿಲ್ಲಿ ಚುಕ್ಕಿಗಳು. ಪರೀಕ್ಷೆಗೆ ತಿಂಗಳೂ ಉಳಿದಿರಲಿಲ್ಲ.

ಐದನೇ ದಿನ ಪ್ರಿಂಟರ್ ಟಕಟಕ ಹೊಡೆದು ಸಾಲುಸಾಲಾಗಿ ಅಚ್ಚಾಯಿತು. ಖುಷಿಯಿಂದ ಹಾಳೆಯನ್ನು ಮೇಷ್ಟ್ರ ಕೈಗಿಟ್ಟೆ.

"ಚುಕ್ಕಿ ಎದ್ದಿಲ್ಲ ಕಣಪ್ಪಾ. ಸಪಾಟಾಗಿದೆ."

ನನ್ನ ಕಣ್ಣಿಗೆ ಚುಕ್ಕಿಗಳು ಚೆನ್ನಾಗಿಯೇ ಕಾಣುತ್ತಿದ್ದವು. ಪ್ರಿಂಟರಿನೊಳಗೆ ಚುಕ್ಕಿ ಒತ್ತುವ ಸುತ್ತಿಗೆಯ ಪೆಟ್ಟು ಹೆಚ್ಚಿಸಿದೆ. ಅದೇ ಮಾತು. ಇನ್ನೂ ಹೆಚ್ಚಿಸಿದಾಗ ಕಾಗದವೇ ತೂತಾಯಿತು. ಮಾರನೇ ದಿನ ಬೇರೆ ಕೇಬಲ್ ಹಾಕಿದರೂ ಅವರು ಇಲ್ಲವೆಂದು ತಲೆಯಾಡಿಸಿದರು. ನನಗೆ ರೇಗಿತು. ಒಳಗಿದ್ದ ಅವರ ಹೆಂಡತಿಯನ್ನು ಕೂಗಿದೆ.

"ಅಮ್ಮಾ, ಒಂದ್ನಿಮಿಷ ಬನ್ನಿ. ಇದನ್ನ ಓದಿ ಹೇಳಿ."

ಸೆರಗಿಗೆ ಕೈ ಒರೆಸಿಕೊಂಡು ಬಂದ ಆಕೆ ಹಾಳೆ ಮೇಲೆ ಬೆರಳಿಟ್ಟರು. ಗಿಡದ ಬೇರು ನೀರು ಹೀರುವ ಪಾಠ. ಎರಡು ಸಾಲು ತಡವರಿಸದೆ ಓದಿದರು. ಮೂರನೇ ಸಾಲಿನಲ್ಲಿ ದನಿ ನಿಧಾನವಾಯಿತು, ನಿಂತೇ ಹೋಯಿತು. ತಡಕಾಡಿ ಗಂಡನ ಕೈ ಹಿಡಿದುಕೊಂಡರು.

"ಬೆರಳು ಯಾವಾಗಿಂದ ಹಿಂಗೆ?"

"ದೀಪಾವಳಿಯಿಂದ ಜೋಮು ಹಿಡಿದಂಗಿದೆ... ಪ್ರಿಂಟರೇ ಸವೆದಿದೆ ಅಂದ್ಕೊಂಡಿದ್ದೆ."

ವರ್ಷಗಳ ಸಕ್ಕರೆ ಕಾಯಿಲೆ ಬೆರಳ ತುದಿಗೆ ಇಳಿದಿತ್ತು. ಮೇಷ್ಟ್ರು ನನ್ನ ಕಡೆ ತಿರುಗಿ, "ನಿನ್ನ ಕೆಲಸ ಸರಿಯಾಗೇ ಇದೆ ಕಣಪ್ಪಾ," ಅಂದರು.

ಆ ವರ್ಷದ ಪಾಠಗಳನ್ನೆಲ್ಲ ಹೆಂಡತಿಯೇ ಓದಿ ತಿದ್ದಿದರು; ಪುಸ್ತಕಗಳು ಹೊತ್ತಿಗೆ ಸರಿಯಾಗಿ ಮಕ್ಕಳ ಕೈ ಸೇರಿದವು. ಮೇಷ್ಟ್ರು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರಂತೆ. ಒಂದು ಹಾಳೆಯನ್ನೂ ಮುಟ್ಟುತ್ತಿರಲಿಲ್ಲವಂತೆ... ಕಾಲಿನ ಹುಣ್ಣು ವಾಸಿಯಾಗದೆ ಎರಡು ವರ್ಷದಲ್ಲಿ ತೀರಿಕೊಂಡರು. ಮಣ್ಣಿಗೆ ನಾನು ಹೋಗಲಿಲ್ಲ.

ಚುಕ್ಕಿ ಎದ್ದಿವೆ, ಬೆರಳನ್ನೊಮ್ಮೆ ಡಾಕ್ಟರಿಗೆ ತೋರಿಸಿ ಅಂತ ಮೇಷ್ಟ್ರೊಬ್ಬರಿಗೇ ಮೆಲ್ಲಗೆ ಹೇಳಬಹುದಿತ್ತು. ಆದರೆ ಆ ದಿನ ನನಗೆ ಬೇಕಿದ್ದದ್ದು ನಾನು ಮಾಡಿದ್ದು ಸರಿ ಅನ್ನೋದಕ್ಕೆ ಒಂದು ಸಾಕ್ಷಿ.

ಅವರ ಹೆಂಡತಿ ಈಗಲೂ ಒಮ್ಮೊಮ್ಮೆ ಯಲಹಂಕ ಬಸ್ ಸ್ಟ್ಯಾಂಡಿನಲ್ಲಿ ಬಿಳಿ ಕೋಲು ಹಿಡಿದು ನಿಂತಿರುತ್ತಾರೆ. ಒಂದು ಮಾತಾಡಿದರೆ ಸಾಕು, ದನಿಯಲ್ಲೇ ನನ್ನ ಗುರುತು ಹಿಡಿಯುತ್ತಾರೆ. ಸದ್ದು ಮಾಡದೆ ಅವರ ಪಕ್ಕದಲ್ಲೇ ದಾಟಿ ಹೋಗುತ್ತೇನೆ.