ಬಾಗಿಲಿಲ್ಲದ ಜೀಪು

ಆಗೆಲ್ಲ ನಮ್ಮ ಶಿರಹಟ್ಟಿ ಕಡೆ ಗಾಡಿ ಕೊಳ್ಳುವವರು ಬಾಗಿಲನ್ನು ನೋಡುತ್ತಲೇ ಇರಲಿಲ್ಲ. ಹೊಲ ಇದ್ದವರು ಎತ್ತರ ನೋಡುತ್ತಿದ್ದರು, ಯಾಕೆಂದರೆ ಮಳೆಗಾಲದ ಎರೆಮಣ್ಣಿನಲ್ಲಿ ಹೊಟ್ಟೆ ತಾಗುವ ಗಾಡಿ ಎಮ್ಮೆಯ ಹಾಗೆ ಕೂತುಬಿಡುತ್ತಿತ್ತು. ಲಕ್ಷ್ಮೇಶ್ವರದ ಅಡತಿ ಅಂಗಡಿಯ ದಲಾಲಿಗಳು ಬಿಳಿ ಬಣ್ಣ ನೋಡುತ್ತಿದ್ದರು, ಬಿಳಿ ಅಂಗಿಗೆ ಬಿಳಿ ಕಾರೇ ಚಂದವೆಂದು. ಒಬ್ಬರು ಕಾರು ತಂದರೆ ಅವರ ಬೀಗರೂ ಅದೇ ಕಾರು ತರುತ್ತಿದ್ದರು, ತಾವು ಕಮ್ಮಿಯಾಗಬಾರದೆಂದು. ನಮ್ಮಪ್ಪ ಮಾತ್ರ ಹರಾಜಿನ ಹಳೇ ಜೀಪೊಂದನ್ನು ಕೊಂಡದ್ದು ಅದಕ್ಕೆ ಬಾಗಿಲು ಇರಲಿಲ್ಲ ಎಂಬ ಕಾರಣಕ್ಕೇ.

ಅಪ್ಪ ಶಿರಹಟ್ಟಿಗೂ ಲಕ್ಷ್ಮೇಶ್ವರಕ್ಕೂ ನಡುವೆ ಮಂದಿಯನ್ನು ಹೇರುತ್ತಿದ್ದ. ಒಳಗೆ ಕೂತವರಿಗಿಂತ ಹೊರಗೆ ಜೋತುಬಿದ್ದವರೇ ಹೆಚ್ಚು. ಯಾರಾದರೂ ಬಾಗಿಲು ಹಾಕಿಸೆಂದರೆ ಅವನದು ಒಂದೇ ಉತ್ತರ.

"ಬಾಗಲಾ ಅನ್ನೂದು ಮನಿಗಿರಬೇಕು. ಗಾಡಿಗಿದ್ರ ಮಂದಿ ಎಲ್ಲಿ ಕಾಲಿಡ್ತಾರ?"

ಆ ಮಾತು ನನಗೆ ಬಹಳ ಹಿಡಿಸುತ್ತಿತ್ತು. ಶಾಲೆಯಲ್ಲಿ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದೆ.

ಶ್ರಾವಣ ಬಂತೆಂದರೆ ನಮ್ಮ ಮನೆಯಲ್ಲಿ ಹುರಿದ ಶೇಂಗಾದ, ಬೆಲ್ಲದ ಪಾಕದ ವಾಸನೆ ಹಾಸಿಗೆಯ ಕೌದಿಯವರೆಗೂ ಹತ್ತುತ್ತಿತ್ತು. ನಾವು ಹುಡುಗರು ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗರಗರ ತಿರುಗಿಸುವುದು, ನಿಂಬೆಹಣ್ಣು ದೂರ ಎಸೆಯುವ ಬಾಜಿ ಕಟ್ಟುವುದು, ಸೋತವನ ಬೆನ್ನಿಗೆ ಗುದ್ದುವುದು. ಆಯಿ, ಅಂದರೆ ಅಪ್ಪನ ತಾಯಿ, ಪಂಚಮಿಯ ಉಂಡಿ ಕಟ್ಟುವಾಗ ಮೊದಲನೆಯದನ್ನು ಯಾವಾಗಲೂ ನೀಲವ್ವತ್ತಿಯ ಹೆಸರಿನಲ್ಲಿ ಎತ್ತಿಡುತ್ತಿದ್ದಳು. ನೀಲವ್ವತ್ತಿ ಅಪ್ಪನ ಒಬ್ಬಳೇ ತಂಗಿ, ಮುಂಡರಗಿಯ ಆಚೆ ಕೊಟ್ಟಿದ್ದರು. ನಾಗರಪಂಚಮಿಗೆ ಅಣ್ಣ ತಮ್ಮಂದಿರು ಹೋಗಿ ಕೊಟ್ಟ ಹೆಣ್ಣುಮಕ್ಕಳನ್ನು ತವರಿಗೆ ಕರೆತರುವುದು ನಮ್ಮ ಕಡೆಯ ರೂಢಿ. ಹಿಂದಿನ ವರ್ಷ ಅಪ್ಪ ಹಾಗೆ ಕರೆಯಲು ಹೋದಾಗ ಅವಳ ಗಂಡ ಶಂಕ್ರಪ್ಪ ಹೊಲದ ಕೆಲಸ ಬಾಳ ಐತಿ ಎಂದು ಬರಿಗೈಯಲ್ಲಿ ಕಳಿಸಿದ್ದ. ಅವಳ ಪಾಲಿನ ಉಂಡಿ ಡಬ್ಬಿಯಲ್ಲೇ ಕಲ್ಲಾದವು. ಆಯಿ ಅವನ್ನು ಯಾರಿಗೂ ಮುಟ್ಟಗೊಡಲಿಲ್ಲ.

ಈ ವರ್ಷ ಹಬ್ಬಕ್ಕೆ ಮುಂಚೆ ಬಳೆ ತೊಡಿಸುವವಳು ಬಂದಳು. ಆಕೆ ಮುಂಡರಗಿ ಕಡೆಯ ಹಳ್ಳಿಗಳನ್ನೂ ತಿರುಗುತ್ತಿದ್ದಳು. ಅವ್ವನ ಕೈ ಹಿಡಿದು ಹಸಿರು ಬಳೆ ಏರಿಸುತ್ತ, ನಿಮ್ಮ ನೀಲವ್ವನ ಕೈಗೆ ಈ ಸಲ ಬಳೆ ಏರಲಿಲ್ಲವ್ವ ಎಂದಳು. ಯಾಕೆಂದು ಆಯಿ ಕೇಳಿದಳು. ಬಳೆಯವಳು ಅವ್ವನ ಕೈ ಬಿಟ್ಟು ಹೇಳಿದಳು.

"ಬಾತಿತ್ರಿ. ಎರಡೂ ಕೈ. ನಾ ಎಷ್ಟ ಒತ್ತಿದ್ರೂ ಆಕಿ ಅಯ್ಯ ಅನ್ನಲಿಲ್ಲ. ಅದನ್ನ ನೋಡಿ ನನಗ ಹೆದರಿಕಿ ಆತು."

ಅಪ್ಪ ಮರುದಿನ ಬೆಳಿಗ್ಗೆ ಜೀಪು ತೆಗೆದ. ಅವ್ವ ನನ್ನನ್ನೂ ಹತ್ತಿಸಿದಳು. ಜೊತೆಗೆ ಸಣ್ಣ ಹುಡುಗನಿದ್ದರೆ ಜಗಳಕ್ಕೆ ಬಂದವನೆಂದು ಯಾರೂ ಅನ್ನುವುದಿಲ್ಲ ಎಂಬುದು ಅವಳ ಲೆಕ್ಕ. ನನ್ನ ತೊಡೆಯ ಮೇಲೆ ಉಂಡಿಯ ಗಂಟು, ಜೇಬಿನಲ್ಲಿ ಕೊಬ್ಬರಿ ಬಟ್ಟಲು. ಕಾಲಬುಡದಲ್ಲಿ ಲಕ್ಷ್ಮೇಶ್ವರದ ಸಂತೆಯಿಂದ ತಂದ ಹೊಸ ಜೋಕಾಲಿ ಹಗ್ಗ, ಇನ್ನೂ ಸುರುಳಿ ಬಿಚ್ಚಿರಲಿಲ್ಲ. ಅತ್ತಿ ಬಂದರೆ ಹಿತ್ತಲ ಹುಣಸೆಮರಕ್ಕೆ ಕಟ್ಟುವುದೆಂದು ಇಟ್ಟಿದ್ದು.

ಜೀಪಿನ ಸೆಲ್ಫ್ ಕೆಟ್ಟಿತ್ತು. ಮುಂದೆ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುವಿದರೇ ಚಾಲೂ ಆಗುತ್ತಿದ್ದದ್ದು. ಅದಕ್ಕೇ ಶಂಕ್ರಪ್ಪನ ಮನೆ ಮುಂದೆ ಅಪ್ಪ ಇಂಜಿನ್ ಬಂದ್ ಮಾಡಲಿಲ್ಲ. ಕಟ್ಟೆಯ ಮೇಲೆ ಕೂತು, ಮನೆಯ ಅಳಿಯನೆಂದು ಅವನಿಗೆ ಕೈ ಮುಗಿದು, ತಂಗಿಯನ್ನು ಹಬ್ಬಕ್ಕೆ ಕಳಿಸಬೇಕೆಂದು ಕೇಳಿಕೊಂಡ. ಶಂಕ್ರಪ್ಪ ಎಲೆ ಅಡಿಕೆ ಜಗಿಯುತ್ತ, ಅವಳನ್ನೇ ಕೇಳೋಣ ಎಂದು ಒಳಗೆ ಕೂಗಿದ. ಅತ್ತಿ ತಲೆಯ ಮೇಲೆ ಸೆರಗು ಹೊದ್ದು ಹೊರಗೆ ಬಂದಳು. ಕೆಳತುಟಿ ಒಡೆದು ಕಪ್ಪಾಗಿತ್ತು. ನನ್ನನ್ನು ನೋಡಿ ನಗಲು ಹೋದಳು, ಆ ಗಾಯ ಮತ್ತೆ ಬಿರಿಯಿತು.

"ಹೋಗ್ತೀಯೇನ ನಿಮ್ಮಣ್ಣನ ಕೂಡ?" ಎಂದ ಶಂಕ್ರಪ್ಪ.

ಅತ್ತಿ ಹೂಂ ಎಂದಳು. ಅವನು ಕೂತಲ್ಲಿಂದಲೇ ಕಾಲೆತ್ತಿ ಅವಳ ಹೊಟ್ಟೆಗೆ ಒದ್ದ. ಅವಳು ಬಾಗಿದಾಗ ತುರುಬು ಹಿಡಿದು ಹಣೆಯನ್ನು ಕಂಬಕ್ಕೆ ಬಡಿದ, ಅಣ್ಣನ ಕಣ್ಣೆದುರಿಗೇ.

ಅಪ್ಪ ಎದ್ದು ಜೀಪಿನ ಕಡೆ ನಡೆದ. ಹೆದರಿ ಹೊರಟನೆಂದುಕೊಂಡು ಶಂಕ್ರಪ್ಪ ನಕ್ಕ. ನಾನೂ ಹಾಗೇ ಅಂದುಕೊಂಡೆ. ಅಪ್ಪ ಸೀಟಿನ ಕೆಳಗಿಂದ ಹ್ಯಾಂಡಲ್ ಎಳೆದುಕೊಂಡು ಹಿಂದಿರುಗಿದ. ಮೊದಲ ಏಟು ಶಂಕ್ರಪ್ಪನ ಹೆಗಲಿಗೆ ಬಿತ್ತು. ಒಣಗಿದ ಜಾಲಿ ಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಎರಡನೆಯ ಏಟು ಬೇಕಿರಲಿಲ್ಲ, ಅವನು ಆಗಲೇ ಕೆಳಗೆ ಬಿದ್ದಿದ್ದ. ಅಪ್ಪ ಅದನ್ನೂ ಹೊಡೆದ, ಮೊಣಕಾಲಿಗೆ. ಶಂಕ್ರಪ್ಪನ ಮುದಿ ತಾಯಿ ಎದೆ ಬಡಿದುಕೊಂಡು, ಹೊಲದಲ್ಲಿದ್ದ ಅವನ ತಮ್ಮಂದಿರಿಬ್ಬರನ್ನು ಕೂಗುತ್ತ ಹಿತ್ತಲಿಗೆ ಓಡಿದಳು.

ಅಪ್ಪ ಅತ್ತಿಯನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದ. ಅವಳ ಕಣ್ಣು ಬಾಗಿಲು ಇರಬೇಕಾದ ಜಾಗಕ್ಕೆ ಹೋಯಿತು. ಅಲ್ಲಿ ಬರೀ ಗಾಳಿ ಇತ್ತು.

"ಯಣ್ಣಾ, ನನ್ನ ಕಟ್ಟು," ಎಂದಳು. "ಅವರು ಎಳೀತಾರ. ಹಿಡಕೊಂಡು ಕುಂಡ್ರಾಕ ನನ್ನ ಕೈಯಾಗ ಕಸು ಇಲ್ಲ."

ಅಪ್ಪ ಹೊಸ ಹಗ್ಗದ ಸುರುಳಿ ಬಿಚ್ಚಿದ. ಅವಳ ನಡುವಿಗೆ ಸುತ್ತಿ, ಸೀಟಿನ ಹಿಂದಿನ ಕಬ್ಬಿಣಕ್ಕೆ ಎರಡು ಗಂಟು ಬಿಗಿದ.

ಕಪ್ಪತಗುಡ್ಡದ ಬುಡದ ಹಾದಿಯಲ್ಲಿ ಒಂದು ಹಳ್ಳ ಅಡ್ಡ ಬರುತ್ತದೆ. ಅಲ್ಲಿನ ರಾಡಿಯಲ್ಲಿ ಜೀಪು ಹೂತು ಇಂಜಿನ್ ಬಂದ್ ಬಿತ್ತು. ಅಪ್ಪ ಹ್ಯಾಂಡಲ್ ಹಿಡಿದು ಇಳಿಯುವುದರಲ್ಲಿ ಶಂಕ್ರಪ್ಪನ ತಮ್ಮಂದಿರು ಮೋಟರ್ ಸೈಕಲ್ ಮೇಲೆ ಬಂದೇಬಿಟ್ಟರು. ದೊಡ್ಡವನ ಕೈಯಲ್ಲಿ ನೀರಿನ ಪೈಪಿನ ತುಂಡು, ಸಣ್ಣವನ ಕೈಯಲ್ಲಿ ಕುಡುಗೋಲು. ದೊಡ್ಡವನು ಅಪ್ಪನ ಬಲಗೈ ಮಣಿಕಟ್ಟಿಗೆ ಹೊಡೆದ. ಹ್ಯಾಂಡಲ್ ನೀರಿಗೆ ಬಿತ್ತು. ಮುಂದಿನ ಏಟುಗಳು ಬೆನ್ನಿಗೆ, ಕಿವಿಗೆ, ಮತ್ತೆ ಅದೇ ಮಣಿಕಟ್ಟಿಗೆ. ಸಣ್ಣವನು ಅತ್ತಿಯ ತೋಳು ಹಿಡಿದು ಎಳೆದ. ಹಗ್ಗ ಬಿಡಲಿಲ್ಲ. ಅದು ಅವಳ ಹೊಟ್ಟೆಯೊಳಗೆ ಇಳಿದದ್ದನ್ನು, ಅವಳ ಬಾಯಿಂದ ದನಿಯೇ ಬಾರದ್ದನ್ನು ನಾನು ಹಿಂದೆ ಕೂತು ನೋಡಿದೆ. ಅವನು ಕುಡುಗೋಲು ಹಾಕಿ ಹಗ್ಗ ಕೊಯ್ಯತೊಡಗಿದ. ಹೊಸ ಹಗ್ಗದ ಎಳೆಗಳು ಒಂದೊಂದಾಗಿ ಬಿಚ್ಚಿಕೊಂಡವು.

ನಾನು ಸೀಟಿನ ಮೇಲಿಂದ ಬಗ್ಗಿ ಅವನ ಕೈಯನ್ನು ಕಚ್ಚಿದೆ. ಬೀಡಿಯ, ಡೀಸೆಲ್ಲಿನ ರುಚಿ ಮೊದಲು ಬಂತು, ಆಮೇಲೆ ರಕ್ತದ್ದು. ಬಿಡಲಿಲ್ಲ. ಅವನು ಕುಡುಗೋಲಿನ ಹಿಡಿಯಿಂದ ನನ್ನ ಬಾಯಿಗೆ ಗುದ್ದಿದ. ಮುಂದಿನ ಹಲ್ಲೊಂದು ನಾಲಿಗೆಯ ಮೇಲೆ ಉರುಳಿತು.

ಆಗ ಪಕ್ಕದ ಉಳ್ಳಾಗಡ್ಡಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ಓಡಿ ಬಂದರು. ಎಲ್ಲರ ಕೈಯಲ್ಲೂ ಕಳೆ ಕೀಳುವ ಕುರ್ಚಿಗಿ. ನಾವು ಉಳಿದೆವೆಂದುಕೊಂಡೆ. ಆದರೆ ಅವರಿಗೆ ಕಂಡದ್ದೇ ಬೇರೆ. ಜೀಪಿನಲ್ಲಿ ಹಗ್ಗದಿಂದ ಬಿಗಿದ ಹೆಂಗಸು, ಅವಳ ಪಕ್ಕದಲ್ಲಿ ರಕ್ತ ಮೆತ್ತಿಕೊಂಡ ಗಂಡಸು. ಮೇಲಾಗಿ, ನಮ್ಮ ಮನಿ ಸೊಸೀನ ಹೊತಗೊಂಡು ಹೊಂಟಾನ ನೋಡ್ರವ್ವಾ ಎಂದು ದೊಡ್ಡವನು ಕೂಗಿದ. ಅವರು ಅಪ್ಪನ ಕೂದಲು ಹಿಡಿದು ರಾಡಿಗೆ ಕೆಡವಿದರು. ಅವರಲ್ಲಿ ಎಲ್ಲರಿಗಿಂತ ಹಿರಿಯಳಾದ ಮುದುಕಿಯೊಬ್ಬಳು ಕುರ್ಚಿಗಿಯ ಬೆನ್ನಿನಿಂದ ಅವನ ತಲೆಗೆ ಬಾರಿಸುತ್ತ, ಹೆಣ್ಣಂದ್ರ ಆಕಳ ಅಂತ ತಿಳದಿಯೇನಲೇ, ಕಟ್ಟಿ ಒಯ್ಯಾಕ ಎಂದು ಬೈದಳು. ಅಪ್ಪ ಕೈ ಅಡ್ಡ ಹಿಡಿಯಲಿಲ್ಲ. ಹಿಡಿಯಲು ಆ ಕೈ ಏಳುತ್ತಿರಲಿಲ್ಲ.

ನಾನು ರಕ್ತ ಉಗುಳಿ ಕೂಗಿದೆ. "ನಮ್ಮಪ್ಪರೀ ಅವ. ಅತ್ತೀನ ಪಂಚಮಿಗೆ ಕರಿಯಾಕ ಬಂದೀವಿ."

ಪಂಚಮಿ ಎಂಬ ಮಾತಿಗೆ ಎತ್ತಿದ ಕುರ್ಚಿಗಿಗಳು ಹಾಗೇ ನಿಂತವು. ಅವರೆಲ್ಲರೂ ಅಣ್ಣ ತಮ್ಮಂದಿರ ಹಾದಿ ನೋಡುತ್ತಿದ್ದವರೇ. ಮುದುಕಿ ಜೀಪಿನ ಹತ್ತಿರ ಬಂದು ಅತ್ತಿಯ ಬಾತ ಕೈಯನ್ನು ತಿರುವಿ ನೋಡಿದಳು. ಒಂದೂ ಬಳೆ ಇರಲಿಲ್ಲ.

"ಯಾರವ್ವಾ ಇವ ನಿನಗ?"

"ನಮ್ಮಣ್ಣರೀ."

"ಮತ್ತ ಈ ಹಗ್ಗ?"

"ನಾನ ಕಟ್ಟಿಸ್ಕೊಂಡೀನಿ," ಎಂದಳು ಅತ್ತಿ. "ಗಾಡಿಗೆ ಬಾಗಲಾ ಇಲ್ಲರಿ."

ಆಮೇಲೆ ಆ ಹೆಂಗಸರು ತಮ್ಮಂದಿರಿಬ್ಬರ ಮೇಲೆ ತಿರುಗಿಬಿದ್ದು ಮಾಡಿದ್ದನ್ನು ಪೂರ್ತಿ ಬರೆದರೆ ಓದುವವರಿಗೆ ಒಗ್ಗಲಿಕ್ಕಿಲ್ಲ. ದೊಡ್ಡವನ ಅರ್ಧ ಕಿವಿ ಹೋಯಿತು. ಸಣ್ಣವನನ್ನು ಹಳ್ಳದ ನೀರಿನಲ್ಲಿ ಮುಖ ಅದುಮಿ ಹಿಡಿದು, ಕಾಲು ಬಡಿಯುವುದು ನಿಧಾನವಾದ ಮೇಲೆ ಎತ್ತಿದರು. ಮೋಟರ್ ಸೈಕಲ್ಲನ್ನು ಕಲ್ಲಿನಿಂದ ಜಜ್ಜಿದರು. ನಾನು ನೋಡುತ್ತ ಖುಷಿಪಟ್ಟೆ. ಇವತ್ತಿಗೂ ಅದಕ್ಕೆ ನಾಚಿಕೆಯಿಲ್ಲ.

ನೀರಿನಲ್ಲಿ ತಡಕಾಡಿ ಹ್ಯಾಂಡಲ್ ಹುಡುಕಿ ಕೊಟ್ಟವರು ಅವರೇ. ಅದನ್ನು ತಿರುವಿದವರೂ ಅವರೇ, ಜೀಪು ನೂಕಿದವರೂ ಅವರೇ. ಅತ್ತಿ ಉಂಡಿಯ ಗಂಟು ಬಿಚ್ಚಿ ಎಲ್ಲರಿಗೂ ಹಂಚಿದಳು. ಮುದುಕಿ ಅಪ್ಪನ ತಲೆಗೆ ಹಸಿ ಅರಿಷಿಣ ಅಗಿದು ಮೆತ್ತಿದಳು. "ತಮ್ಮಾ, ನಮ್ಮಣ್ಣನೂ ಈ ವರ್ಷ ಬಂದಿಲ್ಲ ನೋಡು. ಬಂದ್ರ ನಾನೂ ಹಿಂಗ ಬಿಗದ ಕಟ್ಟಿಸ್ಕೊಂಡು ಹೋಗ್ತೀನಿ," ಎಂದಳು. ರಾಡಿಯಲ್ಲಿ ನಿಂತ ಅಷ್ಟೂ ಹೆಂಗಸರು ನಕ್ಕರು. ಅಪ್ಪನಿಗೆ ಅಳು ಬಂತು.

ಅಪ್ಪ ಎಡಗೈಯಲ್ಲಿ ಗಾಡಿ ಹೊಡೆದ. ಅವನು ಹೇಳಿದಂತೆ ನಾನು ಗೇರು ಹಾಕಿದೆ. ಮನೆಗೆ ಬಂದ ಮೇಲೆ ಅರ್ಧ ಕೊಯ್ದ ಹಗ್ಗಕ್ಕೇ ಗಂಟು ಹಾಕಿ ಹುಣಸೆಮರಕ್ಕೆ ಕಟ್ಟಿದರು. ಹಾಲೆರೆಯುವ ದಿನ ಅತ್ತಿ ಹಣೆಗೆ ಪಟ್ಟಿ ಸುತ್ತಿಕೊಂಡು ಜೋಕಾಲಿಯ ಮೇಲೆ ನಿಂತು ಜೀಕಿದಳು. ಪ್ರತಿ ಸಲ ಮೇಲೆ ಹೋದಾಗಲೂ ಗಂಟು ಕಿರ್ರೆನ್ನುತ್ತಿತ್ತು. ನನಗೆ ಕೊಬ್ಬರಿ ಕಡಿಯಲು ಆಗಲಿಲ್ಲ, ಬಾಯಿ ಊದಿತ್ತು. ಅತ್ತಿ ಮತ್ತೆ ಆ ಊರಿಗೆ ಕಾಲಿಡಲಿಲ್ಲ.

ಹಬ್ಬ ಮುಗಿದ ಮೇಲೆ ಅಪ್ಪ ಜೀಪನ್ನು ಬೆಟಗೇರಿಯ ಮೌಲಾಸಾಬ ಕಾಕಾನ ತಗಡಿನ ಕೆಲಸದ ಅಂಗಡಿಗೆ ಒಯ್ದು, ಬಾಗಿಲು ಮಾಡಿಕೊಡು ಎಂದ. ಕಾಕಾ ನಕ್ಕು, ಬಾಗಿಲು ಮನೆಗಷ್ಟೇ ಇರಬೇಕು ಅಂದವನು ಯಾರಪ್ಪಾ ಎಂದು ಕೇಳಿದ. ಅಪ್ಪ ಮುರಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಕಾಕಾ ಆ ಕೈ ನೋಡಿ ಎದ್ದ. ದಪ್ಪ ತಗಡು ಕೊಯ್ದು, ಒಳಗಿನಿಂದ ಮನೆಯ ಚಿಲಕ ಹಚ್ಚಿ ಕೊಟ್ಟ. ಹಾಕಿದರೆ ಧಡ್ ಎಂದು ಓಣಿಗೆಲ್ಲ ಕೇಳುತ್ತಿತ್ತು. ತಿಜೋರಿ ಬಂತು ಎಂದು ಜನ ನಗುತ್ತಿದ್ದರು. ಅಪ್ಪನ ಮಣಿಕಟ್ಟು ಸರಿ ಕೂಡಲೇ ಇಲ್ಲ, ಕಡೆಗೆ ಗಾಡಿ ಹೊಡೆಯುವುದನ್ನೇ ಬಿಟ್ಟ. ಮರುವರ್ಷ ನಾನು ಶಾಲೆ ಬಿಟ್ಟು ಕಾಕಾನ ಅಂಗಡಿಯಲ್ಲಿ ಸುತ್ತಿಗೆ ಹಿಡಿದೆ. ಅದಕ್ಕೆ ಯಾರೂ ನನಗಾಗಿ ಮರುಗಬೇಕಿಲ್ಲ. ಇವತ್ತು ಬೆಟಗೇರಿಯಲ್ಲಿ ನನ್ನದೇ ಅಂಗಡಿಯಿದೆ, ಗದಗಿನ ಅರ್ಧ ಕಾರುಗಳ ಬಾಗಿಲನ್ನು ನಾನು ತಟ್ಟಿ ನೆಟ್ಟಗೆ ಮಾಡಿದ್ದೇನೆ.

ನನ್ನ ಗಿರಾಕಿಗಳು ಮೈಲೇಜು ಕೇಳಿ ಕಾರು ಕೊಳ್ಳುತ್ತಾರೆ, ಡ್ಯಾಶ್‌ಬೋರ್ಡಿನ ಪರದೆ ಎಷ್ಟು ದೊಡ್ಡದೆಂದು ನೋಡಿ ಕೊಳ್ಳುತ್ತಾರೆ, ಮಾರಿದರೆ ಎಷ್ಟು ಬಂದೀತೆಂದು ಲೆಕ್ಕ ಹಾಕಿ ಕೊಳ್ಳುತ್ತಾರೆ. ನಾನು ಶೋರೂಮಿಗೆ ಹೋದರೆ ಮೊದಲು ಬಾಗಿಲು ತೆಗೆದು ಜೋರಾಗಿ ಹಾಕುತ್ತೇನೆ. ಅಲ್ಲಿನ ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ. ಈಗಿರುವ ಗಾಡಿಯ ಬಾಗಿಲು ನನಗೆ ಒಪ್ಪಿಗೆಯಾಗಿದೆ. ಭಾರ ಇದೆ, ಗಾಡಿ ಹೊರಟ ಕೂಡಲೇ ತಾನೇ ಲಾಕ್ ಆಗುತ್ತದೆ.

ಹೋದ ಪಂಚಮಿಗೆ ಅತ್ತಿಯನ್ನು ಅದರಲ್ಲೇ ಕೂರಿಸಿಕೊಂಡು ಗದಗಿನಿಂದ ಊರಿಗೆ ಹೊರಟಿದ್ದೆ. ಆ ಕುರ್ಚಿಗಿ ಮುದುಕಿಗೆ ಅಂದು ಎಷ್ಟು ವಯಸ್ಸೋ, ಅತ್ತಿಗೆ ಈಗ ಅಷ್ಟಾಗಿದೆ. ದಾರಿಯಲ್ಲಿ ಒಬ್ಬ ಬೈಕು ನಿಲ್ಲಿಸಿ, ಹೆಂಡತಿಯ ಜಡೆಯನ್ನು ಕೈಗೆ ಸುತ್ತಿಕೊಂಡು ಹೊಡೆಯುತ್ತಿದ್ದ. ನಮ್ಮ ಮುಂದಿನ ಕಾರುಗಳೆಲ್ಲ ಗಾಜು ಏರಿಸಿಕೊಂಡು ದಾಟಿ ಹೋದವು. ಒಬ್ಬನು ವೇಗ ತಗ್ಗಿಸಿ, ಮೊಬೈಲ್ ಎತ್ತಿ ಹಿಡಿದು, ಮತ್ತೆ ವೇಗ ಹೆಚ್ಚಿಸಿದ. ರಸ್ತೆಯ ಎರಡೂ ಬದಿ ಉಳ್ಳಾಗಡ್ಡಿ ಹೊಲ. ಕಳೆಗೆ ಈಗ ಔಷಧ ಹೊಡೆಯುತ್ತಾರೆ. ದೂರದವರೆಗೂ ಬಗ್ಗಿದ ಒಂದು ಬೆನ್ನೂ ಕಾಣಲಿಲ್ಲ. ಅವಳು ಕೂಗುತ್ತಿದ್ದಳು, ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ನನ್ನ ಗಾಡಿಯೊಳಗೆ ಏನೂ ಕೇಳಿಸುತ್ತಿರಲಿಲ್ಲ.

ನಿಂದರಸು ಎಂದಳು ಅತ್ತಿ. ನಿಲ್ಲಿಸಿದೆ. ಅವಳು ಬಾಗಿಲಿನ ಹಿಡಿ ಎಳೆದಳು, ತೆರೆಯಲಿಲ್ಲ. ಇನ್ನೊಮ್ಮೆ ಎಳೆದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಬಾಗಲಾ ತಗಿಲೇ ತಮ್ಮಾ."

ನಾನು ಗುಂಡಿ ಒತ್ತಿದೆ. ಅವಳು ಬರಿಗೈಯಲ್ಲೇ ಇಳಿದು, ಸೆರಗು ನಡುವಿಗೆ ಸಿಕ್ಕಿಸಿಕೊಂಡು ಅವರ ಕಡೆ ನಡೆದಳು. ನಾನು ಸೀಟಿನ ಕೆಳಗಿದ್ದ, ನಟ್ಟು ಬಿಚ್ಚುವ ಪಾನಾ ತೆಗೆದುಕೊಂಡು ಹಿಂದೆ ಓಡಿದೆ. ಅವನು ನಮ್ಮನ್ನು ನೋಡಿ ಜಡೆ ಬಿಟ್ಟ. ಹಿಂದೆ ನನ್ನ ಗಾಡಿಯ ಎರಡೂ ಬಾಗಿಲು ತೆರೆದೇ ನಿಂತಿದ್ದವು.