ಮುಳಗುಂದದ ಭಟ್ಟಿಯ ಮುಂದೆ ನಾನು ಅಂದ ‘ಹೂಂ’

ಆವತ್ತು ನಮ್ಮ ಅತ್ತಿ ನನಗೆ ಹೇಳಿದ್ದರು. ಹೇಳಿದ್ದರು, ನಾನು ಕೇಳಿಸಿಕೊಂಡಿದ್ದೆ, ‘ಹೂಂ’ ಅಂತಲೂ ಅಂದಿದ್ದೆ. ಆಮೇಲೆ ನಾಲ್ಕು ಮಂದಿಯ ಮುಂದೆ ನಿಂತು ‘ಅತ್ತಿ ನನಗ ಹೇಳೇ ಇಲ್ಲ’ ಅಂದೆ. ಐದು ವರ್ಷ ಆಯಿತು. ಆ ಮಾತನ್ನು ತಿದ್ದಲಿಕ್ಕೆ ಇಷ್ಟು ದಿನ ನನಗೆ ಪುರಸೊತ್ತಾಗಲಿಲ್ಲ — ಪುರಸೊತ್ತು ಅಂತ ಯಾಕೆ ಅನ್ನಲಿ, ಮನಸ್ಸಾಗಲಿಲ್ಲ.

ನಮ್ಮದು ಬೆಟಗೇರಿಯಲ್ಲಿ ನೇಕಾರರ ಮನೆ. ಮಾವನವರ ಕಾಲಕ್ಕೆ ಪಡಸಾಲೆಯಲ್ಲಿ ಎರಡು ಮಗ್ಗ ಇದ್ದವಂತೆ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಒಂದು ಉಳಿದಿತ್ತು. ನಮ್ಮ ಮನೆಯವರದು ಮೊಬೈಲ್ ರಿಪೇರಿ ಅಂಗಡಿ, ಅವರಿಗೆ ಮಗ್ಗದ ಕಡೆ ಲಕ್ಷ್ಯ ಇಲ್ಲ. ಆ ಒಂದು ಮಗ್ಗ ನಡೆಯುತ್ತಿದ್ದದ್ದು ಅತ್ತಿಯಿಂದ. ಅವರ ಹೆಸರು ನೀಲವ್ವ. ಮಗ್ಗದ ಮೇಲಿನ ಹಳೇ ಹಾಸು, ಅಂದರೆ ಉದ್ದನೂಲು, ಮುಗಿಯುತ್ತ ಬಂದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಎಳೆ ಕೂಡಿಸಬೇಕು, ಸಾವಿರಗಟ್ಟಲೆ ಎಳೆ. ಅತ್ತಿ ಮಾತಾಡುತ್ತ, ನಗುತ್ತ, ನಡುನಡುವೆ ಮೊಮ್ಮಕ್ಕಳನ್ನು ಗದರುತ್ತ ಕೂಡಿಸುತ್ತಿದ್ದರು. ಒಂದು ಎಳೆಯೂ ತಪ್ಪುತ್ತಿರಲಿಲ್ಲ.

ಓಣಿಯಲ್ಲಿ ಅವರಿಗೆ ಇನ್ನೊಂದು ಹೆಸರಿತ್ತು — ಕೂಸು ಎರೆಯೋ ನೀಲವ್ವ. ಬಾಣಂತಿ ಇದ್ದ ಮನೆಯವರು ತಾವಾಗಿ ಬಂದು ಕರೆಯುತ್ತಿದ್ದರು. ಎರಡೂ ಕಾಲು ಚಾಚಿ ಮಣೆಯ ಮೇಲೆ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ಬಿಸಿನೀರು ಹೊಯ್ದರೆಂದರೆ ಎಂಥ ಅಳುವ ಕೂಸೂ ಆಮೇಲೆ ಅರ್ಧ ದಿನ ನಿದ್ದೆ ಮಾಡುತ್ತಿತ್ತು. ನನ್ನ ಮಗಳು ಸೃಷ್ಟಿ, ಮಗ ಚಿನ್ನು — ಇಬ್ಬರನ್ನೂ ಅವರೇ ಎರೆದು ಬೆಳೆಸಿದ್ದು.

ಇನ್ನು ನಾನು. ಗದಗದಲ್ಲಿ ಹದಿನೈದು ದಿನ ಕ್ಲಾಸಿಗೆ ಹೋಗಿ ತತ್ತಿ ಹಾಕದ ಕೇಕ್ ಮಾಡಲು ಕಲಿತು, ಕರೆಂಟಿನ ಓವನ್ ತಂದು ಅಡುಗೆಮನೆಯಲ್ಲಿ ಇಟ್ಟವಳು. ಹುಟ್ಟುಹಬ್ಬದ ಆರ್ಡರ್ ಬರುತ್ತಿದ್ದವು, ಹೆಸರಾಗತೊಡಗಿತ್ತು, ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಆದರೆ ಅತ್ತಿ ಮಾತ್ರ ಓವನ್ನಿನ ಗಾಜಿನಲ್ಲಿ ಇಣುಕಿ, ‘ಇದರಾಗ ಬೆಂಕೀನ ಇಲ್ಲಲ್ಲವಾ ಶೋಭಾ, ಅದ್ಹೆಂಗ ಬೇಯತೈತಿ?’ ಅಂತ ನಕ್ಕು ಹೋಗುತ್ತಿದ್ದರು. ಪ್ರತಿ ಬೇಸಿಗೆ ರಜೆಗೆ ಹಿಟ್ಟು, ಸಕ್ಕರೆ, ತುಪ್ಪ ಕಟ್ಟಿಕೊಂಡು ತವರೂರು ಮುಳಗುಂದಕ್ಕೇ ಹೋಗಬೇಕು ಅವರು. ಅಲ್ಲಿಯ ಹಳೇ ಭಟ್ಟಿಯಲ್ಲಿ ನಮ್ಮ ಸಾಮಾನು ನಾವು ಕೊಟ್ಟರೆ ನಾನಕಟಾಯಿ ಬಿಸ್ಕತ್ತು ಸುಟ್ಟುಕೊಡುತ್ತಾರೆ. ಪಾಳಿ ಬರೋತನಕ ಕೂತು ಡಬ್ಬಿ ತುಂಬಿಸಿಕೊಂಡು ಬರಬೇಕು. ‘ಸೊಸಿ ಮನ್ಯಾಗ ಬೇಕರಿ ಇಟ್ಟಾಳ, ಅತ್ತಿ ಡಬ್ಬಿ ಹೊತಗೊಂಡು ಮುಳಗುಂದಕ್ಕ ಹೊಂಟಾಳ’ ಅಂತ ಓಣಿಯ ಹೆಂಗಸರು ನಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಅದನ್ನೂ ಇಲ್ಲಿ ಹೇಳಿಬಿಡಬೇಕು, ಮುಚ್ಚಿಡುವುದು ಸಾಕಾಗಿದೆ.

ಅದು ಮೇ ತಿಂಗಳು. ನಾದಿನಿ ಗೀತಾಳನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿದೆ, ಅವಳ ಮೊದಲ ಮಗನಿಗೆ ವರ್ಷ ತುಂಬಿತ್ತು. ಕೇಕ್ ನನ್ನದೇ. ಮಕ್ಕಳಿಗೂ ತಿರುಗಾಟ ಆಗಲಿ ಅಂತ ಹಳೇ ವ್ಯಾನು ಹೊರಡಿಸಿದೆವು. ಆ ಸಂಜೆ ಲಕ್ಷ್ಮೇಶ್ವರದಲ್ಲಿ ಹುಟ್ಟುಹಬ್ಬ, ಮರುದಿನ ಶಿರಹಟ್ಟಿ, ಅಲ್ಲಿಂದ ಮುಂಡರಗಿ, ತಿರುಗಿ ಮನೆ — ಹೀಗೆ ನಮ್ಮ ಲೆಕ್ಕ. ದಾರಿಯಲ್ಲಿ ಅತ್ತಿ ಮುಳಗುಂದದ ಭಟ್ಟಿಯಲ್ಲಿ ಇಳಿಯುವುದು, ನಾವು ಮೊದಲು ಹೋಗಿ ಕೇಕ್ ಮುಟ್ಟಿಸುವುದು, ಆಮೇಲೆ ನಮ್ಮ ಮನೆಯವರು ತಿರುಗಿ ಬಂದು ಅತ್ತಿಯನ್ನು ಡಬ್ಬಿಗಳ ಸಮೇತ ಕರೆತರುವುದು ಅಂತ ಮಾತಾಗಿತ್ತು. ಬಿಸಿ ನಾನಕಟಾಯಿಯ ಆಸೆಗೆ ಮೂರು ವರ್ಷದ ಚಿನ್ನು, ‘ನಾ ಅಜ್ಜಿ ಕಡೆ ಇರ್ತೀನಿ’ ಅಂತ ಹಟ ಹಿಡಿದು ಅವರ ಜೊತೆ ಇಳಿದ. ಏಳು ವರ್ಷದ ಸೃಷ್ಟಿ ವಾಂತಿಯ ಗುಳಿಗೆ ನುಂಗಿ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದಳು.

ನಮ್ಮ ಮನೆಯವರು ವ್ಯಾನನ್ನು ಭಟ್ಟಿಯ ಮುಂದೆಯೇ ನಿಲ್ಲಿಸಿ ಕೇಕಿಗೆ ಐಸ್ ತರುತ್ತೇನೆಂದು ಹೋದರು. ನಾನು ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಕೇಕಿನ ಡಬ್ಬಿ, ಕಿವಿಗೆ ಫೋನು. ಗೀತಾ ಆ ಕಡೆಯಿಂದ ಬಲೂನು, ಮೇಣಬತ್ತಿ ಅಂತ ಏನೇನೋ ಕೇಳುತ್ತಿದ್ದಳು. ಕ್ರೀಮು ಒಂದು ಬದಿಗೆ ಜಾರುತ್ತಿತ್ತು, ನನ್ನ ಜೀವವೆಲ್ಲ ಅದರಲ್ಲೇ. ಆಗ ಅತ್ತಿ ಚಿನ್ನುವಿನ ಕೈ ಹಿಡಿದು ಭಟ್ಟಿಯಿಂದ ಹೊರಗೆ ಬಂದರು.

‘ಶೋಭಾ, ಒಳಗ ಭಾಳ ಬೆಂಕಿ ಐತಿ, ಇಂವ ಒಂದಕಡೆ ನಿಲ್ಲವಲ್ಲ. ಇಲ್ಲೇ ಬಿಟ್ಟೀನಿ ನೋಡು, ಹತ್ತಿಸ್ಕೋ.’

‘ಹೂಂ, ಬಿಡ್ರಿ.’

ತಿರುಗಿ ನೋಡಲಿಲ್ಲ. ಪಾಳಿ ಬಂದಿತ್ತು, ಅತ್ತಿ ಒಳಗೆ ಓಡಿದರು. ಮಗ ವ್ಯಾನಿನ ಹಿಂದಿನ ಬಾಗಿಲ ಹತ್ತಿರ ನಿಂತಿದ್ದಿರಬೇಕು — ಎಷ್ಟು ಹೊತ್ತು ನಿಂತಿದ್ದನೋ, ಯಾವಾಗ ಆಚೆ ಹೋದನೋ — ತಾಯಿಯಾದವಳು ನನಗೆ ಗೊತ್ತಿಲ್ಲ. ಇವರು ಐಸ್ ತಂದು ಹಿಂದಿನ ಬಾಗಿಲು ಎಳೆದು, ‘ಚಿನ್ನು?’ ಅಂದರು. ‘ಅಜ್ಜಿ ಕಡೆ ಅದಾನ. ನಡೀರಿ ಜಲ್ದಿ, ಕರಗಾಕತ್ತೈತಿ’ ಅಂದೆ. ಹೊರಟೆವು.

ಲಕ್ಷ್ಮೇಶ್ವರ ಇನ್ನೇನು ಬಂತು ಅನ್ನುವಾಗ ಫೋನ್ ಬಂತು. ಭಟ್ಟಿಯವರ ಫೋನಿನಿಂದ ಅತ್ತಿ ಮಾತಾಡಿದರು.

‘ಮುಟ್ಟಿದ್ರೇನ ಯವ್ವಾ? ಚಿನ್ನು ಏನರ ತಿಂದನ? ಹಸದಿರ್ತಾನ ನೋಡು.’

ಯಪ್ಪಾ, ಆ ಗಳಿಗೆ ಯಾರಿಗೂ ಬೇಡ. ನನ್ನದೇ ಆ ‘ಹೂಂ’ ಕಿವಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು. ಮರೆತು ಹೋಗಿತ್ತು ಅಂತ ಹೇಳುವ ದಾರಿಯೂ ನನಗಿಲ್ಲ, ಆ ಕ್ಷಣವೇ ನೆನಪಾಗಿತ್ತು. ಇವರು ವ್ಯಾನು ತಿರುಗಿಸಿದರು. ಕೇಕ್ ಎಲ್ಲಿ ಬಿತ್ತೋ ನೋಡಲಿಲ್ಲ.

ಸಿಕ್ಕ. ದೇವರ ದಯೆ, ಸಿಕ್ಕ. ಯಳವತ್ತಿಯಿಂದ ಬಂದು ಬಳೆ ಮಾರುತ್ತಿದ್ದ ಒಬ್ಬ ಹೆಣ್ಣುಮಗಳು ಬಸ್ ಸ್ಟ್ಯಾಂಡಿನ ನೆರಳಲ್ಲಿ ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಹುಡುಗ ನಮ್ಮ ವ್ಯಾನಿನ ಹಿಂದೆ ಓಡಿದ್ದನಂತೆ. ಚಪ್ಪಲಿ ವ್ಯಾನಿನಲ್ಲೇ ಉಳಿದಿದ್ದವು. ಮೇ ತಿಂಗಳ ಡಾಂಬರು ರಸ್ತೆ — ಎರಡೂ ಅಂಗಾಲು ಬೊಬ್ಬೆ ಎದ್ದಿದ್ದವು. ನನ್ನನ್ನು ಕಂಡು ಅವನು ಅಳಲೂ ಇಲ್ಲ, ಸುಮ್ಮನೆ ನೋಡಿದ.

ಭಟ್ಟಿಯ ಮುಂದೆ ಮಂದಿ ಕೂಡಿತ್ತು. ನಮ್ಮ ಮನೆಯವರು ಅಂಥ ಸಿಟ್ಟಿನ ಮನುಷ್ಯರಲ್ಲ, ಆದರೆ ಆವತ್ತು ‘ಹುಡುಗ ಯಾರ ಕಡೆ ಇದ್ದ? ಯಾರರ ಒಬ್ಬರು ಹೇಳ್ರಿ’ ಅಂತ ಕೂಗಿದರು.

‘ನಾ ಇಕಿಗೆ ಹೇಳಿ ಬಿಟ್ಟಿದ್ನಲ್ಲೋ ಮಂಜು. ಹೂಂ ಅಂದ್ಲು’ ಅಂದರು ಅತ್ತಿ.

ಎಲ್ಲರೂ ನನ್ನ ಕಡೆ ತಿರುಗಿದರು.

‘ಇಲ್ರೀ. ಅತ್ತಿ ನನಗ ಹೇಳೇ ಇಲ್ಲ.’

ಅತ್ತಿ ನನ್ನ ಮುಖ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ನಾನು ಗಾಬರಿಯಲ್ಲಿ ಮರೆತಿದ್ದೇನೆ, ಈಗ ನೆನಪು ಮಾಡಿಕೊಳ್ಳುತ್ತೇನೆ ಅಂತ ಕಾಯುತ್ತಿದ್ದರು. ನಾನು ಬಾಯಿ ಬಿಡದಿದ್ದಾಗ ಅವರೇ, ‘ಖರೇನ ಹೇಳಿಲ್ಲೇನು ನಾ?’ ಅಂದರು.

‘ಹೇಳಬೇಕಂತ ಅಂದ್ಕೊಂಡಿರ್ತೀರಿ ಅತ್ತಿ. ಮರತೀರಿ.’

ಮೊದಲನೆಯ ಮಾತು ಅಂಜಿಕೆಯಿಂದ ಬಂತು ಅನ್ನಿ. ಈ ಎರಡನೆಯದನ್ನು ನಾನು ಯೋಚಿಸಿ ಆಡಿದೆ. ಮೆತ್ತಗೆ, ಪ್ರೀತಿಯಿಂದ ಅನ್ನುವ ಹಾಗೆ ಆಡಿದೆ. ‘ಇರಬೇಕವಾ, ವಯಸ್ಸಾತು’ ಅಂತ ಅವರು ತಲೆ ತಗ್ಗಿಸಿದರು. ಇವರು, ‘ಇನ್ನ ಮುಂದ ಹುಡುಗರ ಉಸಾಬರಿ ನಿನಗ ಬ್ಯಾಡ ಅವ್ವಾ’ ಅಂದರು. ನಾನು ಮಗನ ಕಾಲಿಗೆ ನೀರು ಹಾಕುತ್ತ ಕೂತಿದ್ದೆ.

ಅಲ್ಲಿಂದ ಶುರುವಾಯಿತು. ಸೃಷ್ಟಿಯನ್ನು ಶಾಲೆಯಿಂದ ಕರೆತರುವ ಕೆಲಸ ಅವರಿಂದ ತಪ್ಪಿತು. ಗ್ಯಾಸಿನ ಹತ್ತಿರ ಹೋದರೆ ನಾವು ಹಿಂದೆಯೇ ಹೋಗಿ ನೋಡುತ್ತಿದ್ದೆವು. ಡಾಕ್ಟರಿಗೆ ತೋರಿಸಿ ನೆನಪಿನ ಗುಳಿಗೆ ತಂದರು ಇವರು — ಆ ಗುಳಿಗೆಯನ್ನು ದಿನಾ ಮುಂಜಾನೆ ನೀರಿನ ಜೊತೆ ಅವರ ಕೈಗೆ ಕೊಡುತ್ತಿದ್ದವಳು ನಾನೇ. ಯೋಚಿಸಿ ನೋಡಿ. ಅತ್ತಿ ಸೆರಗಿಗೆ ಗಂಟು ಹಾಕಿಕೊಳ್ಳತೊಡಗಿದರು, ಹಾಲಿನವನಿಗೆ ಹೇಳಲು ಒಂದು, ದೀಪ ಹಚ್ಚಲು ಒಂದು. ಹಾಸಿನ ಎಳೆ ಕೂಡಿಸುವಾಗ ಹತ್ತಕ್ಕೊಮ್ಮೆ ನಿಲ್ಲಿಸಿ, ‘ಸೃಷ್ಟೀ, ಇದು ಸರಿ ಐತೇನ ನೋಡವಾ’ ಅಂತ ಕರೆಯುತ್ತಿದ್ದರು. ಸರಿಯೇ ಇರುತ್ತಿತ್ತು. ಆದರೂ ಬಿಚ್ಚಿ ಮತ್ತೆ ಕೂಡಿಸುತ್ತಿದ್ದರು. ಎರಡನೇ ವರ್ಷಕ್ಕೆ, ‘ನನ್ನ ಕೈಲೆ ಆಗೂದಿಲ್ಲ’ ಅಂತ ಮಗ್ಗ ಬಿಟ್ಟರು.

ಮುಳಗುಂದಕ್ಕೂ ಹೋಗಲಿಲ್ಲ. ಮುಂದಿನ ಬೇಸಿಗೆಗೆ ಹಿಟ್ಟು, ತುಪ್ಪ ತಂದು ನನ್ನ ಮುಂದೆ ಇಟ್ಟು, ‘ನಿನ್ನ ಓವನ್ನಿನ್ಯಾಗ ಮಾಡಿಬಿಡವಾ’ ಅಂದರು. ನಿಮ್ಮ ಹತ್ತಿರ ಏನು ಮುಚ್ಚಿಡಲಿ — ಆ ದಿನ ನನಗೆ ಖುಷಿಯಾಗಿತ್ತು. ಓಣಿಗೆಲ್ಲ ಹಂಚಿ ಬಂದಿದ್ದೆ. ಹೊಗಳಿದರು ಎಲ್ಲರೂ.

ನಡುವೆ ಹೇಳಬೇಕು ಅನ್ನಿಸಿದ್ದುಂಟು. ದೀಪಾವಳಿ ಮುಗಿಯಲಿ, ಪರೀಕ್ಷೆ ಮುಗಿಯಲಿ ಅಂತ ಮುಂದೆ ಹಾಕಿದೆ. ಆಮೇಲೆ, ಅವರೇ ಮರೆತಿರಬೇಕು, ನಾನ್ಯಾಕೆ ಕೆದಕಲಿ ಅಂದುಕೊಂಡೆ. ಆ ದಿನವನ್ನು ಅವರು ಮರೆತಿರಲಿಲ್ಲ.

ಈ ಸಲ ಗೀತಾ ಎರಡನೇ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಾಳೆ. ಹೆಣ್ಣುಕೂಸು, ಕೈ ಕಾಲು ಗುಂಡು ಗುಂಡಗೆ. ಮೊದಲ ಸ್ನಾನದ ದಿನ ಬಚ್ಚಲಲ್ಲಿ ಮಣೆ ಹಾಕಿ, ನೀರು ಕಾಯಿಸಿ, ಗೀತಾ ಕೂಸನ್ನು ತಂದು, ‘ಅವ್ವಾ, ತಗೋ’ ಅಂತ ಚಾಚಿದಳು. ಅತ್ತಿ ಎರಡೂ ಕೈ ಹಿಂದಕ್ಕೆ ಎಳೆದುಕೊಂಡರು.

‘ಬ್ಯಾಡವಾ, ನನ್ನ ಕೈಯಾಗ ಕೊಡಬ್ಯಾಡ. ನೀರಿನ ಹದ ಮರತಬಿಡ್ತೀನಿ. ಚಿನ್ನೂನ್ನ ಕಳದಾಕಿ ನಾ.’

ಗೀತಾ ಅತ್ತಳು, ಬೈದಳು, ಕೈ ಮುಗಿದಳು. ಅತ್ತಿ ಜಗ್ಗಲಿಲ್ಲ. ಎರೆಯಲು ಆಚೆ ಓಣಿಯ ಹೆಂಗಸನ್ನು ಕರೆಸಿದೆವು. ಅವಳ ಕೈ ಒರಟು, ಕೂಸು ಕಿರುಚಿ ಕೆಂಪಗಾಯಿತು. ಅತ್ತಿ ಬಚ್ಚಲ ಬಾಗಿಲಲ್ಲಿ ನಿಂತು, ‘ಕುತ್ತಿಗಿ ಹಿಡಿಯವಾ, ಕುತ್ತಿಗಿ’ ಅಂತ ಬೇಡಿಕೊಳ್ಳುತ್ತಿದ್ದರು. ಆ ಹೆಂಗಸು, ‘ನೀವು ಸುಮ್ಮನ ಕುಂಡ್ರಿ ಅಜ್ಜಿ’ ಅಂದಳು. ಅತ್ತಿ ಹೋಗಿ ಕೂತರು. ಓಣಿಯ ಅರ್ಧ ಮಕ್ಕಳನ್ನು ಎರೆದ ಕೈ ಅವು. ಇದನ್ನು ಮಾಡಿದವಳು ನಾನು, ನಾನೊಬ್ಬಳೇ.

ಮಧ್ಯಾಹ್ನ ಅವರು ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದಾಗ ಎದುರಿಗೆ ಹೋಗಿ ಕೂತೆ. ಎಲ್ಲ ಹೇಳಿದೆ. ಫೋನು, ಕೇಕು, ಅವರು ಆಡಿದ ಮಾತು ಒಂದಕ್ಷರ ಬಿಡದೆ, ನನ್ನ ‘ಹೂಂ’, ನನ್ನ ಸುಳ್ಳು. ಕಾಲು ಹಿಡಿದುಕೊಂಡೆ. ಬೈಯಲಿ, ಹೊಡೆಯಲಿ, ಮನೆಯಿಂದ ಹೊರಗೆ ಹಾಕಲಿ ಅಂತ ಕಾದೆ.

ಅತ್ತಿ ಮೊರ ಬದಿಗಿಟ್ಟು ನನ್ನ ತಲೆಯ ಮೇಲೆ ಕೈ ಇಟ್ಟರು.

‘ನನ್ನ ಸಮಾಧಾನಕ್ಕ ಹೇಳಾಕತ್ತಿ, ತಿಳೀತೈತಿ ನನಗ. ಬಂಗಾರದಂಥಾಕಿ ನೀ. ಆದ್ರ ನಾ ಹೇಳಿರಲಿಲ್ಲವಾ. ಬಾಗಲದಾಗ ನಿಂತು ಹೇಳಬೇಕಂತ ಬಾಯಿ ತಗದೆ, ನೀ ಫೋನಿನ್ಯಾಗ ಇದ್ದಿ ಅಂತ ಸುಮ್ಮನಾದೆ. ನನಗ ಚಲೋ ನೆನಪೈತಿ.’

ಇಲ್ಲರೀ ಅತ್ತಿ, ಹೇಳಿದ್ರಿ, ಹೇಳಿದ್ರಿ ಅಂತ ನಾನು ಅಳುತ್ತಲೇ ಇದ್ದೆ. ಅವರು ಸೆರಗಿನಿಂದ ನನ್ನ ಕಣ್ಣು ಒರೆಸುತ್ತಿದ್ದರು. ನಡೆದದ್ದು ಅವರ ತಲೆಯಲ್ಲಿ ಈಗ ಇಲ್ಲವೇ ಇಲ್ಲ. ನಾನು ಕೊಟ್ಟ ಸುಳ್ಳನ್ನು ಐದು ವರ್ಷ ನಂಬಿ ನಂಬಿ, ಅದನ್ನೇ ಕಣ್ಣಾರೆ ಕಂಡ ಹಾಗೆ…

ಸಂಜೆ ಇವರು ಅಂಗಡಿಯಿಂದ ಬಂದ ಮೇಲೆ ಗೀತಾ, ಮಕ್ಕಳು ಎಲ್ಲರ ಮುಂದೆ ಮತ್ತೆ ಹೇಳಿದೆ. ಇವರು ನನ್ನ ಕಡೆ ನೋಡಲಿಲ್ಲ, ಎದ್ದು ಹೋಗಿ ತಾಯಿಯ ಪಕ್ಕ ಕೂತರು. ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಿಲ್ಲ, ಅದು ನ್ಯಾಯವೇ. ಎಂಟು ವರ್ಷದ ಚಿನ್ನು, ‘ಹಂಗಾರ ಅಜ್ಜಿ ನನ್ನ ಬಿಟ್ಟಿರಲಿಲ್ಲೇನು?’ ಅಂತ ಕೇಳಿದ. ಇಲ್ಲಪ್ಪಾ, ನಾನು ಬಿಟ್ಟಿದ್ದೆ ಅಂದೆ. ಅತ್ತಿ ಮಾತ್ರ ಎಲ್ಲರನ್ನೂ ಗದರಿದರು: ‘ಅಕೀಗೆ ಯಾರೂ ಏನೂ ಅನಬ್ಯಾಡ್ರಿ. ನನ್ನ ತಪ್ಪು ತನ್ನ ಮ್ಯಾಲೆ ಹಾಕ್ಕೊಳ್ಳಾಕತ್ತಾಳ, ಹುಚ್ಚಿ.’ ಮರುದಿನ ಓಣಿಯಲ್ಲೂ ಇದನ್ನೇ ಹೇಳಿ, ನನ್ನಂಥ ಸೊಸೆ ಯಾರಿಗೂ ಸಿಗುವುದಿಲ್ಲ ಅಂತ ಹೊಗಳಿ ಬಂದಿದ್ದಾರೆ.

ಕೂಸನ್ನು ಇನ್ನೂ ಮುಟ್ಟಿಲ್ಲ.

ಅದಕ್ಕೇ ಇಲ್ಲಿ ಬರೆದಿದ್ದೇನೆ, ಓದಿದವರು ಬೇಕಾದ್ದು ಅನ್ನಲಿ. ನಾನು ದಿನಾ ಹೇಳುತ್ತೇನೆ. ಇವತ್ತೂ ಹೇಳಿದೆ, ನಾಳೆ ಮುಂಜಾನೆಯೂ ಹೇಳುತ್ತೇನೆ, ಮುಳಗುಂದದ ಭಟ್ಟಿಗೆ ಕರೆದುಕೊಂಡು ಹೋಗಿ ಅದೇ ಬಾಗಿಲಲ್ಲಿ ನಿಲ್ಲಿಸಿ ಹೇಳುತ್ತೇನೆ. ಅತ್ತಿಗೆ ಒಂದು ದಿನ ನನ್ನ ಮೇಲೆ ಸಿಟ್ಟು ಬರಬೇಕು. ಕೆನ್ನೆಗೆ ಒಂದು ಬಾರಿಸಿ, ‘ಹೇಳಿದ್ನಲ್ಲೇ ನಿನಗ!’ ಅನ್ನಬೇಕು. ಅಲ್ಲಿಯವರೆಗೆ ಹೇಳುತ್ತಲೇ ಇರುತ್ತೇನೆ.